ಪಂಚಾಯತಿಯ ಲೆಕ್ಕವೂ ಪ್ರಜೆಯ ತೀರ್ಪೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ವರುಷವರುಷವೂ ನಡೆಯುವ ಕಾರ್ಣಿಕವು ಈ ಸೀಮೆಯವರೆಲ್ಲರಿಗೂ ವಿದಿತವಾದುದೇ ಆಗಿದೆ. ವ್ರತಸ್ಥನಾದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ನಿಂತು, ನೆರೆದ ಜನಸಮುದ್ರದ ಸದ್ದನ್ನಡಗಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಧುಮುಕುತ್ತಾನೆ. ಆ ಒಂದು ವಾಕ್ಯವನ್ನೇ ಬುತ್ತಿಯಂತೆ ಕಟ್ಟಿಕೊಂಡು ಜನರು ತಮ್ಮ ತಮ್ಮ ಊರುಗಳಿಗೆ ಮರಳುತ್ತಾರೆ. ರೈತನು ಅದರಲ್ಲಿ ಮಳೆಬೆಳೆಗಳನ್ನು ಕಾಣುತ್ತಾನೆ. ವರ್ತಕನು ಧಾರಣೆಯನ್ನು ಕಾಣುತ್ತಾನೆ. ರಾಜಕಾರಣಿಯು ತನ್ನ ಪಕ್ಷದ ಏಳುಬೀಳುಗಳನ್ನು ಕಾಣುತ್ತಾನೆ.

ದೈವವಾಣಿಯನ್ನು ಹೀಗೆ ಗ್ರಹಿಸುವುದು ಭಕ್ತಿಯ ಮಾತಾಯಿತು. ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಮನುಷ್ಯರು ಮನುಷ್ಯರಿಗಾಗಿ ನಡೆಸತಕ್ಕ ಆಡಳಿತವನ್ನು ಕೂಡ ಜನರು ಒಂದೇ ವಾಕ್ಯದಿಂದ ಅಳೆಯುತ್ತಿರುವುದು ವಿಚಾರಮಾಡತಕ್ಕ ಸಂಗತಿಯಾಗಿದೆ. ಅರಳಿಕಟ್ಟೆಯ ಮೇಲೆ ಕುಳಿತವರನ್ನು ಪಂಚಾಯತಿಯ ಕೆಲಸ ಹೇಗೆ ನಡೆದಿದೆಯೆಂದು ಕೇಳಿದರೆ, "ಎಲ್ಲಾ ತಿಂದು ಹಾಕಿದರು" ಎಂದು ಒಬ್ಬನು ಹೇಳುವನು. "ನಮ್ಮವರೇ ಅದಾರ, ಚಲೋ ನಡೆದೈತಿ" ಎಂದು ಮತ್ತೊಬ್ಬನು ಹೇಳುವನು. ಮೊದಲನೆಯವನು ಲೆಕ್ಕವನ್ನು ನೋಡಿದವನಲ್ಲ, ಎರಡನೆಯವನೂ ನೋಡಿದವನಲ್ಲ. ಒಬ್ಬನದು ದ್ವೇಷ, ಇನ್ನೊಬ್ಬನದು ಮೋಹ. ಇವೆರಡರಲ್ಲಿ ಯಾವುದೂ ತೀರ್ಪಲ್ಲ. ಹಾಗಾದರೆ ಸ್ಥಳೀಯ ಸ್ವರಾಜ್ಯ ಸಂಸ್ಥೆಗಳ ಕೆಲಸವನ್ನು ಅಳೆಯತಕ್ಕ ಕೋಲು ಯಾವುದು? ಆ ಕೋಲನ್ನು ಹಿಡಿಯತಕ್ಕ ಕೈ ಯಾರದು? ಈ ಎರಡು ಪ್ರಶ್ನೆಗಳೇ ಈ ಹೊತ್ತಿನ ವಿಷಯವಾಗಿವೆ.

ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಾದುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲೂಕುಗಳೇ ಸಾಕು. ಇಲ್ಲಿಯ ಊರುಗಳು ಇದ್ದಲ್ಲಿಯೇ ಇವೆ. ಅವುಗಳನ್ನಾಳುವ ಕಚೇರಿಗಳು ಮಾತ್ರ ಅನೇಕಾವರ್ತಿ ಸ್ಥಳವನ್ನು ಬದಲಾಯಿಸಿವೆ. 1800ರಲ್ಲಿ ಹೈದರಾಬಾದಿನ ನಿಜಾಮರು ಈ ಸೀಮೆಯನ್ನು ಕುಂಪಣಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಆ ಬಳಿಕ ಒಂದೂವರೆ ಶತಮಾನ ಕಾಲ ಇದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ನೆಯ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಹರಪನಹಳ್ಳಿಯು ನೂತನವಾದ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. ಕೂಡ್ಲಿಗಿಯ ಮಡಿಲಲ್ಲಿದ್ದ ಕೊಟ್ಟೂರು ಪ್ರತ್ಯೇಕ ತಾಲೂಕಾಯಿತು. ಕಡೆಗೆ 2021ರಲ್ಲಿ ಈ ಐದೂ ಹೊಸಪೇಟೆಯೊಡನೆ ಕೂಡಿ ವಿಜಯನಗರವೆಂಬ ಹೆಸರಿನಿಂದ ರಾಜ್ಯದ 31ನೆಯ ಜಿಲ್ಲೆಯಾದವು. ಕಚೇರಿಯ ಹಲಗೆ ಬದಲಾದ ಮಾತ್ರಕ್ಕೆ ಹಳ್ಳಿಯ ನಲ್ಲಿಯಲ್ಲಿ ನೀರು ಬಂದಿತೇ? ಇದು ಆ ಹಳ್ಳಿಯವರೇ ಉತ್ತರ ಕೊಡತಕ್ಕ ಪ್ರಶ್ನೆ.

ಈ ಸೀಮೆಯ ವೃದ್ಧರಿಗೆ ಜಮಾಬಂದಿ ಎಂಬ ಮಾತು ಚೆನ್ನಾಗಿ ತಿಳಿದದ್ದು. 1800ರಿಂದ 1807ರ ವರೆಗೆ ಇಲ್ಲಿ ಮುಖ್ಯ ಕಲೆಕ್ಟರರಾಗಿದ್ದ ಥಾಮಸ್ ಮನ್ರೋ ಎಂಬವರು ರೈತವಾರಿ ಪದ್ಧತಿಯನ್ನು ಬೇರೂರಿಸಿದರು. ಮಧ್ಯವರ್ತಿಯಿಲ್ಲದೆ ಸರ್ಕಾರವು ಒಬ್ಬೊಬ್ಬ ರೈತನೊಡನೆಯೂ ಕಂದಾಯವನ್ನು ಗೊತ್ತುಪಡಿಸುವುದೇ ಆ ಪದ್ಧತಿಯ ತಿರುಳು. ವರುಷಕ್ಕೊಮ್ಮೆ ಅಧಿಕಾರಿಯು ಡೇರೆ ಹಾಕಿ ಕುಳಿತುಕೊಳ್ಳುವನು. ಕರಣಿಕನು ಲೆಕ್ಕದ ಕಟ್ಟುಗಳನ್ನು ಬಿಚ್ಚುವನು. ರೈತನು ಕೈಕಟ್ಟಿ ನಿಲ್ಲುವನು. ಇಷ್ಟು ಎಕರೆ, ಇಷ್ಟು ಬಾಕಿ, ಇಷ್ಟು ಮಾಫಿ ಎಂದು ತೀರ್ಮಾನವಾಗುವುದು. ಇದಕ್ಕೆ ಜಮಾಬಂದಿ ಎಂದು ಹೆಸರು. ಅಲ್ಲಿ ಪ್ರಶ್ನೆ ಕೇಳುವವನು ಸರ್ಕಾರ, ಉತ್ತರ ಹೇಳುವವನು ಪ್ರಜೆ.

ಸ್ಥಳೀಯ ಸ್ವರಾಜ್ಯವೆಂಬುದು ಈ ಸಂಬಂಧವನ್ನು ತಲೆಕೆಳಗು ಮಾಡುವುದಕ್ಕಾಗಿಯೇ ಹುಟ್ಟಿದ್ದು. ಆದರೆ ಅದು ಒಂದು ದಿನದಲ್ಲಿ ಆದ ಕೆಲಸವಲ್ಲ. 1882ರಲ್ಲಿ ವೈಸರಾಯರಾಗಿದ್ದ ರಿಪ್ಪನ್ ಪ್ರಭುಗಳು ಸ್ಥಳೀಯ ಸ್ವರಾಜ್ಯದ ನಿರ್ಣಯವನ್ನು ಹೊರಡಿಸಿದರು. 1884ರ ಮದರಾಸು ಕಾನೂನಿನ ಮೇರೆಗೆ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಏರ್ಪಟ್ಟವು. ಅವು ರಸ್ತೆ, ಶಾಲೆ, ಆಸ್ಪತ್ರೆಗಳನ್ನು ನೋಡಿಕೊಂಡವೇ ಹೊರತು, ಅವುಗಳಲ್ಲಿ ಸಾಮಾನ್ಯ ಹಳ್ಳಿಗನ ಧ್ವನಿಗೆ ಎಡೆ ಬಹಳ ಕಡಿಮೆ. ತಾಲೂಕು ಬೋರ್ಡುಗಳು 1934ರಲ್ಲಿ ರದ್ದಾದವು. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದಲ್ಲಿ 1959ರ ಕಾನೂನು ಬಂದಿತು. 1983ರಲ್ಲಿ ಅಬ್ದುಲ್ ನಜೀರ್ ಸಾಹೇಬರ ಪ್ರಯತ್ನದಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾನೂನು ರೂಪುಗೊಂಡು, 1987ರಲ್ಲಿ ಚುನಾವಣೆಗಳು ನಡೆದವು. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿದ ಆ ಮಂತ್ರಿಗಳನ್ನು ಜನರು ಪ್ರೀತಿಯಿಂದ ನೀರ್ ಸಾಬ್ ಎಂದೇ ಕರೆದರು. ಆ ಅಡ್ಡಹೆಸರೂ ಪ್ರಜೆಗಳು ಕೊಟ್ಟ ಒಂದು ತೀರ್ಪೇ ಸರಿ. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯೂ, ಅದನ್ನನುಸರಿಸಿ ಕರ್ನಾಟಕದ ಪಂಚಾಯತ್ ರಾಜ್ ಕಾನೂನೂ ಜಾರಿಗೆ ಬಂದು, ಗ್ರಾಮಸಭೆಯೆಂಬುದು ಸಂವಿಧಾನದ ಮಾನ್ಯತೆಯನ್ನು ಪಡೆದ ಸಭೆಯಾಯಿತು.

ಇದೇ ಕಾನೂನಿನ ಅಂಗವಾಗಿ ಜಮಾಬಂದಿ ಎಂಬ ಹಳೆಯ ಹೆಸರು ಮರಳಿ ಬಂದಿದೆ; ಆದರೆ ಅರ್ಥ ಮಾತ್ರ ಸಂಪೂರ್ಣವಾಗಿ ತಿರುಗಿದೆ. ಪ್ರತಿ ವರುಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗಾಗಿ ಗ್ರಾಮಪಂಚಾಯತಿಯು ಹಿಂದಿನ ವರುಷದ ಜಮಾಖರ್ಚುಗಳನ್ನೂ ಕಾಮಗಾರಿಗಳ ಕಾಗದಪತ್ರಗಳನ್ನೂ ಜನರ ಮುಂದಿಡತಕ್ಕದ್ದೆಂದು ವಿಧಿಯಿದೆ. ಈ ಜಮಾಬಂದಿಯಲ್ಲಿ ಪ್ರಶ್ನೆ ಕೇಳುವವನು ಪ್ರಜೆ. ಉತ್ತರ ಹೇಳುವವನು ಪಂಚಾಯತಿ. ಅಜ್ಜನು ಕೈಕಟ್ಟಿ ನಿಂತ ಅದೇ ಹೆಸರಿನ ಸಭೆಯಲ್ಲಿ ಮೊಮ್ಮಗನು ಕುಳಿತು ಲೆಕ್ಕ ಕೇಳಬಹುದು. ಇನ್ನೂರು ವರುಷಗಳಲ್ಲಿ ಈ ಸೀಮೆಯ ಪ್ರಜೆಗೆ ಲಭಿಸಿದ ಹಕ್ಕುಗಳಲ್ಲಿ ಇದಕ್ಕಿಂತ ದೊಡ್ಡದು ವಿರಳ. ಹೀಗಿದ್ದೂ ಆ ದಿನ ಪಂಚಾಯತಿ ಕಟ್ಟೆಯ ಮುಂದೆ ಎಷ್ಟು ಜನ ನೆರೆಯುವರೆಂಬುದನ್ನು ಭಕ್ತರು ತಮ್ಮ ತಮ್ಮ ಊರಿನ ಅನುಭವದಿಂದಲೇ ಬಲ್ಲರು. ಜಾತ್ರೆಗೆ ಜನ, ಲೆಕ್ಕಕ್ಕೆ ಜನವಿಲ್ಲ.

ಆಡಳಿತವನ್ನು ಅಳೆಯುವ ರೀತಿಗಳು ಎರಡು. ಮೇಲಿನಿಂದ ಅಂಕೆಗಳ ಮೂಲಕ ಅಳೆಯುವುದು ಒಂದು. ಕೆಳಗಿನಿಂದ ಅನುಭವಿಸಿದವರ ಮಾತಿನ ಮೂಲಕ ಅಳೆಯುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತಮವಾದ ಉದಾಹರಣೆ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯ ವರದಿ. 2000ರಲ್ಲಿ ಸರ್ಕಾರದಿಂದ ನೇಮಿತವಾದ ಆ ಸಮಿತಿಯು 2002ರಲ್ಲಿ ವರದಿಯನ್ನೊಪ್ಪಿಸಿತು. ವ್ಯವಸಾಯ, ಕೈಗಾರಿಕೆ, ಶಿಕ್ಷಣ, ಆರೋಗ್ಯ ಮೊದಲಾದವುಗಳಿಗೆ ಸಂಬಂಧಿಸಿದ 35 ಸೂಚಕಗಳಿಂದ ಅಂದಿನ 175 ತಾಲೂಕುಗಳನ್ನು ತೂಗಿ, 114 ತಾಲೂಕುಗಳು ಹಿಂದುಳಿದಿವೆಯೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಅದು ಕಂಡುಕೊಂಡಿತು. ಕೂಡ್ಲಿಗಿಯೂ ಹರಪನಹಳ್ಳಿಯೂ ಆ 39ರ ಪಟ್ಟಿಯಲ್ಲಿಯೇ ಇದ್ದವು. ಕೊಟ್ಟೂರು ಆಗ ಕೂಡ್ಲಿಗಿಯ ಭಾಗವಾಗಿತ್ತು. ಈ ಅಳತೆಯಿಂದ ಪ್ರಯೋಜನವಾಗದೆ ಇರಲಿಲ್ಲ. 2006ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಪ್ರಾರಂಭವಾದ ಗ್ರಾಮಸ್ವರಾಜ್ ಯೋಜನೆಯು ಆ 39 ತಾಲೂಕುಗಳ ಗ್ರಾಮಪಂಚಾಯತಿಗಳನ್ನೇ ಆಯ್ದುಕೊಂಡಿತು. ರೋಗದ ಹೆಸರು ಗೊತ್ತಾದ ಮೇಲೆಯೇ ಅಲ್ಲವೇ ಔಷಧದ ಮಾತು?

ಆದರೆ ಮೇಲಿನಿಂದ ಅಳೆಯುವ ಕೋಲಿಗೆ ಒಂದು ದೋಷವಿದೆ. ಅದು ಸರಾಸರಿಯನ್ನು ಕಾಣುತ್ತದೆ, ಮನೆಯನ್ನು ಕಾಣುವುದಿಲ್ಲ. ಹೊಳೆಯ ಸರಾಸರಿ ಆಳವು ಮೊಳಕಾಲುದ್ದವೆಂದು ನಂಬಿ ಇಳಿದವನು ಮಡುವಿನಲ್ಲಿ ಮುಳುಗಿದ ಹಾಗೆ, ತಾಲೂಕಿನ ಸರಾಸರಿಯೊಳಗೆ ಒಂದು ಗೊಲ್ಲರಹಟ್ಟಿ, ಒಂದು ಲಂಬಾಣಿ ತಾಂಡಾ, ಒಂದು ಕೇರಿ ಕಾಣದೆಯೇ ಮುಳುಗಿಹೋಗಬಹುದು. ಊರಿನಲ್ಲಿ ನೀರಿನ ತೊಟ್ಟಿ ಇದೆಯೆಂದು ಕಾಗದವು ಹೇಳುವುದು. ಆ ತೊಟ್ಟಿಯಲ್ಲಿ ನೀರು ಯಾವ ಹೊತ್ತಿಗೆ ಬರುವುದು, ಯಾರ ಬಿಂದಿಗೆಗೆ ಮೊದಲು, ಯಾರ ಬಿಂದಿಗೆಗೆ ಕಡೆಗೆ ಎಂಬುದನ್ನು ಕಾಗದವು ಹೇಳಲಾರದು. ಅದನ್ನು ಹೇಳತಕ್ಕವಳು ಬಿಂದಿಗೆ ಹಿಡಿದು ನಿಂತ ತಾಯಿಯೇ.

ಕೆಳಗಿನಿಂದ ಅಳೆಯುವ ರೀತಿಗೆ ಕರ್ನಾಟಕದಲ್ಲಿಯೇ ಒಂದು ಪ್ರಸಿದ್ಧವಾದ ಮಾದರಿಯಿದೆ. ಸ್ಯಾಮ್ಯುಯೆಲ್ ಪಾಲ್ ಎಂಬ ವಿದ್ವಾಂಸರು 1990ರ ದಶಕದ ಆದಿಭಾಗದಲ್ಲಿ ಬೆಂಗಳೂರಿನ ಜನರನ್ನು ಕೇಳಿ, ನೀರು, ವಿದ್ಯುತ್ತು, ನಗರಪಾಲಿಕೆ ಮೊದಲಾದ ಇಲಾಖೆಗಳಿಗೆ ಶಾಲೆಯ ಮಕ್ಕಳಿಗೆ ಕೊಡುವಂತೆ ಅಂಕಪಟ್ಟಿಯನ್ನು ಸಿದ್ಧಪಡಿಸಿದರು. 1994ರಲ್ಲಿ ಇದಕ್ಕಾಗಿಯೇ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯನ್ನೂ ಸ್ಥಾಪಿಸಿದರು. ಮೊದಲನೆಯ ಪಟ್ಟಿಯಲ್ಲಿ ಇಲಾಖೆಗಳಿಗೆ ದೊರೆತ ಅಂಕಗಳು ತೀರ ಕಡಿಮೆ. ಅದನ್ನು ಬಚ್ಚಿಡದೆ ಪತ್ರಿಕೆಗಳಲ್ಲಿ ಪ್ರಕಟಿಸಿದರು. 1999ರಲ್ಲಿಯೂ 2003ರಲ್ಲಿಯೂ ಪುನಃ ಕೇಳಿದರು. ಮೂರನೆಯ ಸಲಕ್ಕೆ ಜನರ ಸಮಾಧಾನವು ಗಮನಾರ್ಹವಾಗಿ ಹೆಚ್ಚಿತ್ತು. ಈ ಪದ್ಧತಿಯು ಹೊರದೇಶಗಳಿಗೂ ಹಬ್ಬಿತು. ಅದರ ಗುಟ್ಟು ಪ್ರಶ್ನೆಯನ್ನು ಕೇಳುವ ರೀತಿಯಲ್ಲಿದೆ. ಆಡಳಿತ ಒಳ್ಳೆಯದೋ ಕೆಟ್ಟದ್ದೋ ಎಂದಿಷ್ಟೇ ಕೇಳಿದರೆ ಕಾರ್ಣಿಕದಂತಹ ಒಂದು ವಾಕ್ಯ ಹೊರಡುವುದು. ಕಚೇರಿಗೆ ಎಷ್ಟು ಸಲ ಹೋದಿರಿ, ಕೆಲಸ ಎಷ್ಟು ದಿನಕ್ಕೆ ಆಯಿತು, ಮೇಲುಹಣ ಕೊಡಬೇಕಾಯಿತೇ, ಮಾತು ಮರ್ಯಾದೆಯಿಂದ ಇದ್ದಿತೇ ಎಂದು ಕೇಳಿದರೆ ಸಾಕ್ಷ್ಯ ಹೊರಡುವುದು. ಅಭಿಪ್ರಾಯಕ್ಕೂ ಸಾಕ್ಷ್ಯಕ್ಕೂ ಇರುವ ಅಂತರವನ್ನು ತರ್ಕಶಾಸ್ತ್ರವನ್ನೋದಿದ ವಟುಗಳು ಬಲ್ಲರು. ಅದನ್ನು ಪ್ರತಿಯೊಬ್ಬ ಗೃಹಸ್ಥನೂ ಬಲ್ಲವನಾಗಬೇಕು.

ಇನ್ನು ಪ್ರಜೆಯ ತೀರ್ಪಿನಲ್ಲಿರುವ ದೋಷಗಳನ್ನೂ ಮರೆಮಾಚಬಾರದು. ಮೊದಲನೆಯದಾಗಿ, ಯಾವ ಕೆಲಸ ಯಾರದೆಂಬ ವಿವೇಚನೆಯಿಲ್ಲದಿರುವುದು. ಪಹಣಿಯ ದೋಷ ಕಂದಾಯ ಇಲಾಖೆಯದು. ವಿದ್ಯುತ್ತಿನ ದೋಷ ವಿದ್ಯುತ್ ಕಂಪನಿಯದು. ಪಡಿತರದ ದೋಷ ಆಹಾರ ಇಲಾಖೆಯದು. ಆದರೆ ಕಣ್ಣೆದುರಿಗಿರುವ ಗ್ರಾಮಪಂಚಾಯತಿಯ ಸದಸ್ಯನೇ ಎಲ್ಲಕ್ಕೂ ಬೈಗುಳ ತಿನ್ನುವನು. ಹತ್ತಿರದವನಿಗೆ ನಿಂದೆ, ದೂರದವನಿಗೆ ಸ್ತುತಿ ಎಂಬುದು ಲೋಕರೂಢಿಯಾಗಿದೆ. ಎರಡನೆಯದಾಗಿ, ಜಾತಿ ಪಕ್ಷಗಳ ಮೋಹ. ತನ್ನವನು ಮಾಡಿದ ಒಡಕು ಚರಂಡಿಯು ಗಂಗಾನದಿಯಂತೆಯೂ, ಎದುರು ಪಕ್ಷದವನು ಮಾಡಿದ ಗಟ್ಟಿ ರಸ್ತೆಯು ಹಳ್ಳದಂತೆಯೂ ಕಾಣುವುದುಂಟು. ಮೂರನೆಯದಾಗಿ, ತನ್ನ ಪಾಲಿನ ಕರ್ತವ್ಯದ ಮರೆವು. ಮನೆಯ ಕಂದಾಯವನ್ನೂ ನೀರಿನ ಶುಲ್ಕವನ್ನೂ ವರುಷಗಟ್ಟಲೆ ಬಾಕಿ ಉಳಿಸಿಕೊಂಡವನು ಬೀದಿದೀಪ ಉರಿಯಲಿಲ್ಲವೆಂದು ಕೂಗಿದರೆ, ಆ ಕೂಗಿನಲ್ಲಿ ಅರ್ಧ ಅವನ ಮೇಲೆಯೇ ಬೀಳತಕ್ಕದ್ದಾಗಿದೆ. ದಾಸೋಹದ ಪಂಕ್ತಿಯಲ್ಲಿ ಉಂಡವನು ಕಾಯಕದಲ್ಲಿ ಪಾಲುಗಾರನಾಗದಿದ್ದರೆ ಆ ಊಟ ಋಣವಾಗುವುದೆಂಬುದು ಶರಣರ ಮತ.

ಆದರೂ ಈ ದೋಷಗಳನ್ನು ನೆವಮಾಡಿಕೊಂಡು, ಹಳ್ಳಿಯ ಜನರಿಗೆ ಏನೂ ತಿಳಿಯದು, ಅವರ ಮಾತು ಲೆಕ್ಕಕ್ಕಿಲ್ಲ ಎನ್ನುವ ಅಧಿಕಾರಿಗಳ ವಾದವು ಒಪ್ಪತಕ್ಕದ್ದಲ್ಲ. ಅದರಿಂದ ಪ್ರಾಣಕ್ಕೇ ಸಂಚಕಾರ ಬರುವುದುಂಟು. 2021ನೆಯ ಅಕ್ಟೋಬರ್ 2ರಂದು ಗಾಂಧೀಜಯಂತಿಯ ದಿನ ಹೊಸ ಜಿಲ್ಲೆಯ ಉದ್ಘಾಟನೆಯ ಸಂಭ್ರಮವು ಹೊಸಪೇಟೆಯಲ್ಲಿ ನಡೆಯಿತು. ಅದೇ ದಿನಮಾನಗಳಲ್ಲಿ ಹೂವಿನಹಡಗಲಿ ತಾಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತವಾದ ಕುಡಿಯುವ ನೀರಿನಿಂದ ವಾಂತಿಭೇದಿ ಹಬ್ಬಿ, ಅನೇಕರು ಆಸ್ಪತ್ರೆ ಸೇರಿದರು, ಕೆಲವರು ಮರಣವನ್ನೈದಿದರು. ಸರ್ಕಾರವು ತನಿಖೆಗೆ ಆಜ್ಞಾಪಿಸಿತು. ಅತ್ತ ದೀಪಾಲಂಕಾರ, ಇತ್ತ ಹೆಣದ ಮುಂದೆ ಬೆಂಕಿ. ಇದಕ್ಕಿಂತ ಹೃದಯವಿದ್ರಾವಕವಾದ ವೈಪರೀತ್ಯವುಂಟೇ?

ಈ ಸೀಮೆಗೆ ಇದೊಂದು ಹೊಸ ಪಾಠವೂ ಅಲ್ಲ. ಹಿಂದೆ ಹೇಳಿದ ಮನ್ರೋ ಸಾಹೇಬರೇ ಮುಂದೆ ಮದರಾಸಿನ ಗವರ್ನರರಾಗಿ, 1827ರಲ್ಲಿ ಇದೇ ದತ್ತಮಂಡಲಗಳ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡರು. ಕೆಟ್ಟ ನೀರಿಗೆ ರಾಜನೆಂದೂ ಪ್ರಜೆಯೆಂದೂ ಭೇದವಿಲ್ಲ. ಆದರೆ ನೀರಿನ ಬಣ್ಣ, ವಾಸನೆ, ರುಚಿ ಕೆಟ್ಟಿತೆಂಬುದು ಮೊಟ್ಟಮೊದಲು ತಿಳಿಯುವುದು ಅದನ್ನು ಹಿಡಿದು ತಂದವಳಿಗೆ. ಪ್ರಯೋಗಶಾಲೆಗೆ ತಿಳಿಯುವುದು ಅನಂತರ. ಜಿಲ್ಲಾಕಚೇರಿಗೆ ತಿಳಿಯುವುದು ಕಟ್ಟಕಡೆಗೆ. ಆಕೆಯ ಮಾತನ್ನು ಅಂದೇ ಬರೆದುಕೊಂಡು ಅಂದೇ ನೀರನ್ನು ಪರೀಕ್ಷಿಸುವ ಏರ್ಪಾಡಿದ್ದ ಪಂಚಾಯತಿಯೇ ಒಳ್ಳೆಯ ಪಂಚಾಯತಿ. ಹಣವಿಲ್ಲವೆಂಬ ಮಾತು ಇಲ್ಲಿ ಪೂರ್ಣವಾಗಿ ಸಲ್ಲದು. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಅವಧಿಗೆ ಪಂಚಾಯತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಗಳಿಗೇ ವಿನಿಯೋಗಿಸಬೇಕೆಂದು ಕಟ್ಟುಮಾಡಿತ್ತು. ಆ ಶೇಕಡಾ 60ರಲ್ಲಿ ತನ್ನೂರಿನ ಪಾಲೆಷ್ಟು, ಅದು ಯಾವ ಕೊಳವೆಗೆ, ಯಾವ ಚರಂಡಿಗೆ ಹೋಯಿತು ಎಂದು ಜಮಾಬಂದಿಯಲ್ಲಿ ಎದ್ದು ನಿಂತು ಕೇಳುವವನು ಊರಿನ ವೈರಿಯಲ್ಲ, ಊರಿನ ವೈದ್ಯ.

ಕೇಳುವವರ ಮಾತಾಯಿತು, ಇನ್ನು ಕೇಳಲು ಬಾರದವರ ಮಾತು. ಈ ಐದು ತಾಲೂಕುಗಳಲ್ಲಿ ಮಳೆ ಕೈಕೊಟ್ಟ ವರುಷ ಅನೇಕ ಕುಟುಂಬಗಳು ಗುಳೆ ಹೋಗುತ್ತವೆ. ಕಬ್ಬು ಕಡಿಯಲಿಕ್ಕೆಂದು ಕೆಲವರು, ಮಲೆನಾಡಿನ ಕಾಫೀ ತೋಟಗಳಿಗೆಂದು ಕೆಲವರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆಂದು ಕೆಲವರು ಮನೆಗೆ ಬೀಗ ಹಾಕಿ, ವೃದ್ಧರನ್ನೂ ಕೆಲವೆಡೆ ಮಕ್ಕಳನ್ನೂ ಬಿಟ್ಟು ಹೊರಡುತ್ತಾರೆ. ಅವರು ಊರಿನಲ್ಲಿಲ್ಲದ ತಿಂಗಳಲ್ಲಿ ಗ್ರಾಮಸಭೆ ಸೇರಿದರೆ ಅವರ ತೀರ್ಪನ್ನು ಬರೆದುಕೊಳ್ಳುವವರಾರು? ಊರಿನಲ್ಲಿ ಕೆಲಸವಿಲ್ಲದೆ ಹೋದವನೇ ಊರಿನ ಆಡಳಿತದ ಮುಖ್ಯ ಸಾಕ್ಷಿಯಲ್ಲವೇ? ಸಾಕ್ಷಿಯೇ ಇಲ್ಲದಿರುವಾಗ ವಿಚಾರಣೆ ನಡೆಸಿ, ಸಭೆಯ ಅಭಿಪ್ರಾಯ ಸರ್ವಾನುಮತವೆಂದು ನಡವಳಿಯಲ್ಲಿ ಬರೆದರೆ ಆ ನಡವಳಿ ಸತ್ಯವಾಗುವುದು ಹೇಗೆ? ಗುಳೆ ಹೋದವರು ಮರಳಿ ಬರುವ ಹಬ್ಬದ ದಿನಗಳನ್ನು ನೋಡಿ ಸಭೆಯನ್ನು ಕರೆಯುವುದು ಕಷ್ಟದ ಕೆಲಸವಲ್ಲ. ಮನಸ್ಸು ಮಾತ್ರ ಬೇಕು.

ಇನ್ನೊಂದು ವರ್ಗದವರನ್ನು ಈ ಸಭೆಯಲ್ಲಿ ನೆನೆಯದಿರುವುದು ಧರ್ಮವಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಬಾಳನ್ನು ಕಳೆದುಕೊಂಡ ತಾಯಂದಿರು ಈ ಸೀಮೆಯ ಅನೇಕ ಊರುಗಳಲ್ಲಿದ್ದಾರೆ. 1982ರ ಕಾನೂನು ಆ ಪದ್ಧತಿಯನ್ನು ನಿಷೇಧಿಸಿತು. 1993–94ರಲ್ಲಿಯೂ 2007–08ರಲ್ಲಿಯೂ ಅವರ ಗಣತಿ ನಡೆದು, ಪಟ್ಟಿಯಲ್ಲಿ ಹೆಸರುಳ್ಳವರಿಗೆ ಮಾಸಾಶನ ಮೊದಲಾದ ನೆರವು ದೊರಕಿತು. ಹೆಸರು ಬಿಟ್ಟುಹೋದವಳು ಪಟ್ಟಿಯಲ್ಲಿಲ್ಲವೆಂಬ ಕಾರಣದಿಂದಲೇ ಬಹುಕಾಲ ಸೌಲಭ್ಯದಿಂದ ಹೊರಗುಳಿದಳು. ಸಂಕವ್ವೆಯಂತಹ ವೇಶ್ಯೆಗೂ ಶರಣೆಯೆಂಬ ಸ್ಥಾನವನ್ನು ಕೊಟ್ಟ ಪರಂಪರೆಯವರು, ಪಟ್ಟಿಗೆ ಸೇರದ ಆ ತಾಯಿಯು ಪಂಚಾಯತಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಾಗ ಪಕ್ಕದಲ್ಲಿ ನಿಲ್ಲಬೇಕಾದವರಾಗಿದ್ದಾರೆ. ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೋ ಅವರಿಂದಲೇ ಆಡಳಿತದ ಗುಣವನ್ನು ತಿಳಿಯತಕ್ಕದ್ದು.

ಪ್ರಜೆಗಳ ಅಭಿಪ್ರಾಯವು ಸಂಘಟಿತವಾದರೆ ಏನಾಗುವುದೆಂಬುದಕ್ಕೆ ಹರಪನಹಳ್ಳಿಯೇ ಸಾಕ್ಷಿ. ಸಂವಿಧಾನದ 371-ಜೆ ವಿಧಿಯಿಂದ 2013ರಲ್ಲಿ ಬಳ್ಳಾರಿ ಮೊದಲಾದ ಜಿಲ್ಲೆಗಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ವಿಶೇಷಾವಕಾಶಗಳು ಲಭಿಸಿದಾಗ, ಮೊದಲು ಅದೇ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯು ದಾವಣಗೆರೆಗೆ ಸೇರಿದ್ದ ಒಂದೇ ಕಾರಣದಿಂದ ಹೊರಗುಳಿಯಿತು. ಜನರು ವಾದಿಸಿದರು, ಹೋರಾಡಿದರು. 2018ರಲ್ಲಿ ತಾಲೂಕು ಬಳ್ಳಾರಿಗೆ ಮರಳಿತು. ದಾವಣಗೆರೆಯು ಹರಪನಹಳ್ಳಿಗೆ ಸಮೀಪ. ಈಗಿನ ಜಿಲ್ಲಾಕೇಂದ್ರವಾದ ಹೊಸಪೇಟೆಯು ಹೆಚ್ಚುಕಡಿಮೆ ಅದರ ಎರಡರಷ್ಟು ದೂರ. ದೂರವನ್ನು ಸಹಿಸಿಯಾದರೂ ಮಕ್ಕಳ ಭವಿಷ್ಯವನ್ನು ಆರಿಸಿಕೊಂಡ ಆ ಜನರ ವಿವೇಚನೆಯನ್ನು ಕಂಡ ಮೇಲೆ, ಹಳ್ಳಿಗರಿಗೆ ಆಡಳಿತದ ಲಾಭನಷ್ಟಗಳು ತಿಳಿಯವೆಂದು ಯಾರು ಹೇಳಬಲ್ಲರು?

ಆದರೆ ಅದೇ ಎಚ್ಚರವು ಬೇರೊಂದು ವಿಷಯದಲ್ಲಿ ಕಾಣಲಿಲ್ಲ. ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗಳ ಅವಧಿಯು 2021ರಲ್ಲಿ ಮುಗಿಯಿತು. ಆಮೇಲೆ ವರುಷಗಳು ಕಳೆದರೂ ಚುನಾವಣೆ ನಡೆಯಲಿಲ್ಲ. ಅದೇ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯು ತನ್ನ ಬಾಲ್ಯದ ವರುಷಗಳನ್ನು ಚುನಾಯಿತ ಜಿಲ್ಲಾ ಪಂಚಾಯತಿಯಿಲ್ಲದೆ, ಅಧಿಕಾರಿಗಳ ಕೈಯಲ್ಲಿಯೇ ಕಳೆಯಿತು. ಅಧಿಕಾರಿಗಳು ದಕ್ಷರಿರಬಹುದು, ಪ್ರಾಮಾಣಿಕರಿರಬಹುದು. ಆದರೆ ಮತ ಕೇಳಲು ಮರಳಿ ಬರಬೇಕಾದವನಿಗಿರುವ ಅಂಜಿಕೆಯು ವರ್ಗವಾಗಿ ಹೋಗತಕ್ಕವನಿಗೆ ಇರುವುದಿಲ್ಲ. ಗಂಡಾಂತರದ ಮಾತೆಂದರೆ, ಈ ಕೊರತೆಯ ಬಗ್ಗೆ ಸಂತೆಯಲ್ಲಾಗಲಿ ಜಾತ್ರೆಯಲ್ಲಾಗಲಿ ಜನರು ಹೆಚ್ಚಾಗಿ ಮಾತನಾಡಲಿಲ್ಲ. ಇಲ್ಲದಿರುವುದನ್ನು ಇಲ್ಲವೆಂದು ಗುರುತಿಸದ ಪ್ರಜೆಗೆ ಇರುವುದರ ಬೆಲೆಯೂ ತಿಳಿಯದು.

ಲೆಕ್ಕ ಕೇಳುವುದು ಅವಿಶ್ವಾಸದ ಗುರುತು, ದೊಡ್ಡವರಿಗೆ ಮಾಡುವ ಅಪಮಾನ ಎಂದು ಕೆಲವರು ಹಿಂಜರಿಯುವುದುಂಟು. ಶರಣಚರಿತೆಯನ್ನು ಬಲ್ಲವರು ಹಾಗೆ ಹೇಳಲಾರರು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಭಂಡಾರದ ಹಣವನ್ನು ಜಂಗಮರಿಗೆ ಸುರಿದರೆಂದು ಕೊಂಡೆಯರು ದೂರಿದರು. ಆಗ ಅವರು ಮುನಿಯಲಿಲ್ಲ. ದೊರೆಯ ಎದುರಿಗೆ ಭಂಡಾರವನ್ನು ತೆರೆದು ಎಣಿಸಿ ತೋರಿಸಿದರೆಂದೂ ಒಂದು ಹಣವೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ವರ್ಣಿಸುತ್ತವೆ. ಭಂಡಾರ ತುಂಬಿದ್ದುದು ಮಹಿಮೆಯೆಂದು ಭಕ್ತರು ಕೊಂಡಾಡುವರು. ಕೇಳಿದೊಡನೆ ಭಂಡಾರದ ಬಾಗಿಲು ತೆರೆದುದೂ ಅಷ್ಟೇ ದೊಡ್ಡ ಮಹಿಮೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಮಿತಿಮೀರಿ ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಕಂಡು ಇದು ಹೆಚ್ಚಾಯಿತು, ಮರಳಿ ಸುರಿದು ಬನ್ನಿ ಎಂದವರು ಅವರ ಮಡದಿ ಲಕ್ಕಮ್ಮನವರೇ. ಅಧಿಕಾರವಾಗಲಿ ಅಕ್ಷರವಾಗಲಿ ಅಲ್ಲಿ ಬೇಕಾಗಲಿಲ್ಲ. ಅಳತೆ ಬಲ್ಲ ಕೈಯೂ ನುಡಿಯುವ ಧೈರ್ಯವೂ ಇದ್ದರೆ ಸಾಕಾಯಿತು. ಗ್ರಾಮಸಭೆಗೆ ಬರುವವರಲ್ಲಿ ಶೇಕಡಾ 30ಕ್ಕೆ ಕಡಿಮೆಯಿಲ್ಲದಂತೆ ಸ್ತ್ರೀಯರಿರಬೇಕೆಂದು ಇಂದಿನ ಕಾನೂನು ಹೇಳುವುದು. ಅವರು ಸಹಿ ಹಾಕಿ ಮರಳುವುದಕ್ಕಲ್ಲ, ಲಕ್ಕಮ್ಮನವರಂತೆ ಅಳೆದು ನುಡಿಯುವುದಕ್ಕೆ.

ಆದಕಾರಣ ಶ್ರೀಮಠದ ಶಿಷ್ಯರು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಮಾಡಬಹುದಾದ ಕೆಲವು ಕಾರ್ಯಗಳಿವೆ. ಆಗಸ್ಟ್ ತಿಂಗಳು ಬಂದೊಡನೆ ಜಮಾಬಂದಿಯ ದಿನ ಯಾವುದೆಂದು ಪಂಚಾಯತಿಯಲ್ಲಿ ವಿಚಾರಿಸುವುದು. ಅಂದು ಹೊಲದ ಕೆಲಸವನ್ನು ಅರ್ಧ ದಿನ ಬಿಟ್ಟಾದರೂ ಹೋಗುವುದು. ಅಲ್ಲಿ ನಾಲ್ಕು ಪ್ರಶ್ನೆಗಳನ್ನು ಶಾಂತವಾಗಿ ಕೇಳುವುದು: ಬಂದ ಹಣವೆಷ್ಟು? ಯಾವ ಕಾಮಗಾರಿಗೆ ಎಷ್ಟು ಖರ್ಚಾಯಿತು? ಆ ಕಾಮಗಾರಿ ಈಗ ಎಲ್ಲಿದೆ, ನಡೆದು ಹೋಗಿ ನೋಡಬಹುದೇ? ಊರಿನವರಿಂದ ಬರಬೇಕಾದ ಕಂದಾಯದ ಬಾಕಿ ಎಷ್ಟು? ಕಡೆಯ ಪ್ರಶ್ನೆಯನ್ನು ಕೇಳುವ ಮೊದಲು ತನ್ನ ಬಾಕಿಯನ್ನು ಕಟ್ಟಿ ಹೋಗುವುದು ಮರ್ಯಾದೆಗೆ ಒಳ್ಳೆಯದು. ಕಚೇರಿಗೆ ಅರ್ಜಿ ಕೊಟ್ಟಾಗ, ಆ ಸೇವೆಯು ಸಕಾಲಕ್ಕೆ ಒಳಪಟ್ಟಿದ್ದರೆ ಅದರ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯುವುದು. 2011ರಲ್ಲಿ ಅಂಗೀಕೃತವಾಗಿ 2012ರ ಏಪ್ರಿಲ್ 2ರಿಂದ ಜಾರಿಗೆ ಬಂದ ಆ ಕಾನೂನು, ಗೊತ್ತುಪಡಿಸಿದ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವನ್ನು ವಿಧಿಸಿತು. ಹಣ ಅಲ್ಪ, ಆದರೆ ಪ್ರಜೆಯ ವೇಳೆಗೂ ಬೆಲೆಯುಂಟೆಂದು ಶಾಸನವು ಒಪ್ಪಿದುದು ಅಲ್ಪವಲ್ಲ. ಓದುಬರಹ ಬಲ್ಲ ಯುವಕರು ಊರಿಗೊಂದು ಪುಸ್ತಕವನ್ನಿಟ್ಟು, ನೀರು ಬಂದ ದಿನ, ಬಾರದ ದಿನ, ದೀಪ ಕೆಟ್ಟ ದಿನ, ಸರಿಯಾದ ದಿನಗಳನ್ನು ಬರೆದಿಡುವುದು. ವರುಷದ ಕಡೆಗೆ ಆ ಪುಸ್ತಕವೇ ಗ್ರಾಮಸಭೆಯಲ್ಲಿ ಮಾತನಾಡುವುದು. ಕೂಗಾಟದ ಅವಶ್ಯಕತೆಯೇ ಇರದು.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿದೆ. ಗ್ರಾಮಸ್ವರಾಜ್ಯವೇ ಸ್ವರಾಜ್ಯವೆಂದು ಸಾರಿದ ಆ ಮಹಾಪುರುಷರ ಬೂದಿಯನ್ನು ಈ ಮಣ್ಣು ಕಾಪಾಡಿಕೊಂಡಿದೆ. ಬೂದಿಗೆ ವರುಷಕ್ಕೊಮ್ಮೆ ಹೂವೇರಿಸುವುದು ಸುಲಭ. ಅವರ ಮಾತಿಗೆ ವರುಷಕ್ಕೊಮ್ಮೆ ಜಮಾಬಂದಿಗೆ ಹೋಗಿ ಕುಳಿತುಕೊಳ್ಳುವುದು ಅದಕ್ಕಿಂತ ಸ್ವಲ್ಪ ಕಷ್ಟ. ಆದರೆ ಮಕರಬ್ಬಿಯಂತಹ ದುಃಖವು ಮತ್ತೊಂದು ಊರಿಗೆ ಬಾರದಂತೆ ತಡೆಯತಕ್ಕದ್ದು ಆ ಕಷ್ಟವೇ.

ಕಾರ್ಣಿಕದ ವಾಕ್ಯವನ್ನು ದೈವವು ನುಡಿಯುವುದು, ಜನರು ಅರ್ಥಮಾಡುವರು. ಪಂಚಾಯತಿಯ ವಾಕ್ಯವನ್ನು ಮಾತ್ರ ಜನರೇ ನುಡಿಯತಕ್ಕದ್ದು, ಅದೂ ಲೆಕ್ಕವನ್ನು ನೋಡಿ. ಹಾಗೆ ನುಡಿಯುವ ಶಕ್ತಿಯನ್ನು ಶ್ರೀಗುರುವು ಭಕ್ತಮಂಡಲಿಗೆ ಕರುಣಿಸಲಿ.

ಇತಿ ಶುಭಂ.